ಕ್ಲಚ್ಚಿಗೆ ಹುಲಿಗಿ ಎಣ್ಣೆ

ಮಂಗಳೂರಿಗೆ ಹೆಣ್ಣು ನೋಡಲು ಹೋದ ದಿನ ನಾನು ಕಾರನ್ನು ತಿಪ್ಪೆಗೆ ನುಗ್ಗಿಸಿದೆ. ಕಡಲಿರುವ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ತಿಪ್ಪೆ ಹೆಣ್ಣಿನ ಮನೆಯದೇ.

ನಾನು ಕುಷ್ಟಗಿಯಲ್ಲಿ ಮೆಕ್ಯಾನಿಕ್. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಇದಕ್ಕೂ ಮೊದಲು ಮೂರು ಮನೆಯವರು ನನ್ನನ್ನು ಬೇಡ ಅಂದಿದ್ದರು. ಇದೂ ತಪ್ಪಿದರೆ ಅವ್ವ ವರ್ಷಗಟ್ಟಲೆ ಬೈಯುವುದು ಖಾತ್ರಿ.

ನನ್ನ ಹಳೇ ಕಾರಿನ ಕ್ಲಚ್ ಪೆಡಲ್ ವಾರದಿಂದ ಮೆತ್ತಗಾಗಿತ್ತು. ಹೊಸ ರಬ್ಬರ್ ಕಿಟ್ಟು, ಕ್ಲಚ್ ಎಣ್ಣೆ ತಂದು ಡಿಕ್ಕಿಯಲ್ಲಿಟ್ಟಿದ್ದೆ. ಹಾಕಿರಲಿಲ್ಲ. ಯಲಬುರ್ಗಾ ದಾಟಿದ ಮೇಲೆ ಪೆಡಲ್ ನೆಲ ಹಿಡಿಯಿತು, ಮೇಲೆ ಬರಲಿಲ್ಲ. ಎಂಜಿನ್ ಓಡುತ್ತಿದ್ದರೆ ಗೇರ್ ಬೀಳುವುದಿಲ್ಲ. ಎಂಜಿನ್ ಆರಿಸಿ, ಫಸ್ಟ್ ಗೇರ್ ಹಾಕಿ, ಚಾವಿ ತಿರುವಿದೆ. ಕಾರು ಕಪ್ಪೆಯಂತೆ ಜಿಗಿದು ಹೊರಟಿತು. ಪಕ್ಕದಲ್ಲಿದ್ದ ಅವ್ವನ ತಲೆ ಎರಡು ಸಲ ಮೇಲೆ ಬಡಿಯಿತು. ಹಾಗೇ ಊರು ಮುಟ್ಟಿಸಿದೆ. ಹೆಣ್ಣಿನ ಮನೆ ಮುಂದೆ ಎಮ್ಮೆ ಅಡ್ಡ ಬಂತು. ತಿರುವಿದೆ. ತಿಪ್ಪೆ.

ಹೆಣ್ಣಿನ ಅಪ್ಪ ಕಟ್ಟೆಯಿಂದ ಇಳಿದು ಬಂದ.

"ಮೆಕ್ಯಾನಿಕ್ ಅಂದಿದ್ರಿ?"

"ಹೌದ್ರಿ."

"ಹಂಗಾದ್ರ ಮದ್ಲ ಇದನ್ನ ರಿಪೇರಿ ಮಾಡ್ರಿ. ತನ್ನ ಗಾಡಿನ ನೆಟ್ಟಗಿಲ್ಲದಾಂವಗ ಮಗಳನ್ನ ಹೆಂಗ ಕೊಡ್ಲಿ? ಚಾ ಆಮ್ಯಾಲ."

"ನನಗರ ಚಾ ಕೊಡ್ರಿ," ಅಂದಳು ಅವ್ವ. "ರಿಪೇರಿ ಅಂವ ಮಾಡತಾನ."

ಬಾನೆಟ್ ಎತ್ತಿ ಕ್ಲಚ್ ಎಣ್ಣೆಯ ಡಬ್ಬಿ ತೆರೆದೆ. ಎಣ್ಣೆ ತುಂಬಿತ್ತು. ಆದರೆ ಕಪ್ಪಗಿತ್ತು, ಗುಡಿಯ ವಾಸನೆ ಬಂತು. ಒಳಗೆ ಅರ್ಧ ಸುಟ್ಟ ಬತ್ತಿ ತೇಲುತ್ತಿತ್ತು.

"ಅವ್ವಾ, ಇದರಾಗ ಏನ್ ಹಾಕಿದಿ?"

"ಹುಲಿಗಿ ಗುಡ್ಯಾಗಿನ ಹುಲಿಗೆಮ್ಮನ ದೀಪದ ಎಣ್ಣಿ. ಪೆಡಲ್ ಕುಸೀತೈತಿ, ಕುಸೀತೈತಿ ಅಂತ ನೀನ ಅಂತಿದ್ದಿ. ಡಬ್ಬಿನೂ ಅರ್ಧ ಖಾಲಿ ಇತ್ತು. ನನ್ನ ಮೊಣಕಾಲಿಗೆ ಹತ್ತೈತಿ, ಗಾಡಿಗೆ ಹತ್ತಂಗಿಲ್ಲೇನು?"

ಹತ್ತುವುದಿಲ್ಲ. ಆ ಎಣ್ಣೆಗೆ ರಬ್ಬರ್ ಊದುತ್ತದೆ. ಮೇಲಿನ ಸಿಲಿಂಡರ್ ಬಿಚ್ಚಿದೆ. ರಬ್ಬರ್ ವಾಷರ್ ನೆನೆದ ಶೇಂಗಾದಂತೆ ಉಬ್ಬಿತ್ತು. ಗೇರ್‌ಬಾಕ್ಸ್ ಹತ್ತಿರದ ಕೆಳಗಿನ ಸಿಲಿಂಡರಿನದೂ ಅದೇ ಗತಿ. ಬ್ರೇಕಿನ ಡಬ್ಬಿ ಬೇರೆ ಇತ್ತು, ಅದಕ್ಕೇ ಇಬ್ಬರೂ ಬದುಕಿದೆವು. ಎರಡೂ ಕಡೆ ಹೊಸ ರಬ್ಬರ್ ಹಾಕಿ, ಪೈಪ್ ತೊಳೆದು, ಸರಿಯಾದ ಎಣ್ಣೆ ತುಂಬಿದೆ. ನನ್ನ ಬಿಳಿ ಅಂಗಿಯ ಕಥೆ ಬೇಡ.

ಉಳಿದದ್ದು ಪೈಪಿನೊಳಗಿನ ಗಾಳಿ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ಸಣ್ಣ ನಟ್ಟು ಸಡಿಲಿಸಿ ಗಾಳಿ ಬಿಡಬೇಕು, ಪೆಡಲ್ ಮೇಲೇಳುವ ಮೊದಲೇ ಬಿಗಿಯಬೇಕು. ಅವ್ವನಿಗೆ ಮೊಣಕಾಲು ನೋವು. ಹೆಣ್ಣಿನ ಅಪ್ಪನಿಗೆ ಗತ್ತು.

"ನಾ ಒತ್ತತೀನಿ," ಅಂತ ಒಳಗಿಂದ ಹೆಣ್ಣೇ ಬಂದಳು. ಜರಿ ಸೀರೆಯಲ್ಲೇ ಡ್ರೈವರ್ ಸೀಟಿಗೆ ಹತ್ತಿದಳು. ಅವಳು ಬಟ್ಟೆ ಹೊಲಿಯುವವಳು. ಟಕಟಕ ತುಳಿಯತೊಡಗಿದಳು.

"ಹೊಲಿಗಿ ಮಷೀನ್ ಅಲ್ರಿ ಅದು! ಒತ್ತಿ ಹಿಡೀರಿ!" ಅಂದೆ ತಿಪ್ಪೆಯಲ್ಲಿ ಮಲಗಿ.

"ಹಿಡದೀನ್ರಿ. ನೀವ ನಟ್ ಬಿಡವಲ್ರಿ."

ಬಿಟ್ಟೆ. ಎಣ್ಣೆ ಸೀದಾ ಬಾಯಿಗೆ ಬಂತು.

"ಉಗಳ್ರಿ," ಅಂದಳು. "ಇನ್ನ ಮ್ಯಾಲ ನಾ ಹೇಳಿದಾಗ ಬಿಡ್ರಿ, ನಾ ಹೇಳಿದಾಗ ಬಿಗೀರಿ."

ಅವಳು ಹೇಳಿದಳು, ನಾನು ಮಾಡಿದೆ. ಹದಿನೈದು ಸಲವಾದರೂ ಆಗಿರಬೇಕು. ಗುಳ್ಳೆ ನಿಂತವು, ಪೆಡಲ್ ಗಟ್ಟಿಯಾಯಿತು. ನಾನು ಎದ್ದು ಬಂದು ರಿವರ್ಸ್ ಹಾಕಿದೆ. ಗೇರ್ ಸದ್ದಿಲ್ಲದೆ ಬಿತ್ತು. ಕಾರು ತಿಪ್ಪೆಯಿಂದ ಹೊರಗೆ ಬಂತು.

"ಹೆಂಗವ್ವಾ?" ಅಂತ ಅಪ್ಪ ಮಗಳನ್ನು ಕೇಳಿದ.

"ಹೇಳಿದ್ದ ಕೇಳತಾನ. ನಡೀತೈತಿ," ಅಂದಳು. "ಚಾ ಇಡತೀನಿ. ಅಷ್ಟರಾಗ ಕೈ ತೊಳಕೊಳ್ಳಾಕ ಹೇಳ್ರಿ."

ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದೆ. ಅಷ್ಟು ಸಲ ನಾನು ಯಾರ ಮಾತಿಗೂ ಕೈ ತೊಳೆದವನಲ್ಲ.