ಕೋನ್ ನಿಲ್ಲಿಸುವ ನೋಯ್‌ಲೀನ್ ಕಾರು ಹತ್ತಿದ್ದು

ಐವತ್ಮೂರು ತುಂಬಿದ ವರ್ಷ ನೋಯ್‌ಲೀನ್ ಪಟಲೋಗೆ ತಲೆ ಕೆಟ್ಟಿತು ಎಂದು ಹೇಳಿದವರುಂಟು. ಮೊದಲು ಹೇಳಿದವನು ಅವಳ ಗಂಡ ರಸೆಲ್. ಆಮೇಲೆ ಕುರಿ ಬೋಳಿಸುವ ಶೆಡ್ಡಿನಲ್ಲಿ ಹೇಳಿದರು, ಚರ್ಚಿನ ಹೊರಗೆ ಹೇಳಿದರು, ಪೆಟ್ರೋಲ್ ಬಂಕಿನ ಹುಡುಗಿಯೂ ಹೇಳಿದಳು. ನೋಯ್‌ಲೀನ್ ಒಬ್ಬರ ಮಾತಿಗೂ ಸೊಪ್ಪು ಹಾಕಲಿಲ್ಲ.

ಅವಳದು ಶೆಡ್ಡಿನ ಕೆಲಸ. ಬೋಳಿಸುವವರು ಕುರಿಯ ಮೈಯಿಂದ ಉಣ್ಣೆ ಇಳಿಸುತ್ತಿದ್ದಂತೆ ಅದನ್ನು ಒಂದೇ ಸಲಕ್ಕೆ ಬಾಚಿ ಎತ್ತಬೇಕು, ಹಲಗೆಯ ಮೇಜಿನ ಮೇಲೆ ಹಚ್ಚಡದಂತೆ ಹರಡಿ ಬೀಳುವ ಹಾಗೆ ಎಸೆಯಬೇಕು, ಮುಂದಿನ ಕುರಿ ಬರುವಷ್ಟರಲ್ಲಿ ನೆಲ ಗುಡಿಸಿರಬೇಕು. ಬಿದ್ದದ್ದನ್ನು ಕಂಡರೆ ಕೈ ತಾನಾಗಿ ಕೆಳಗೆ ಹೋಗುತ್ತಿತ್ತು. ಭಾನುವಾರವೂ ಅದೇ ಹಣೆಬರಹ. ಕಾರ್ ಕ್ಲಬ್ಬಿನವರು ಯಾರದಾದರೂ ಹುಲ್ಲುಗಾವಲು ಕೇಳಿಕೊಂಡು, ಕುರಿಗಳನ್ನು ಪಕ್ಕದ ಬೇಲಿಯಾಚೆ ಅಟ್ಟಿ, ಕಿತ್ತಳೆ ಬಣ್ಣದ ಕೋನ್‌ಗಳನ್ನು ನೆಟ್ಟು, ಅವುಗಳ ಸಂದಿಯಲ್ಲಿ ಒಬ್ಬೊಬ್ಬರಾಗಿ ಕಾರು ನುಗ್ಗಿಸುತ್ತಿದ್ದರು. ಅದಕ್ಕೆ ಆಟೊಕ್ರಾಸ್ ಎಂದು ಹೆಸರು. ಎದುರಾಳಿ ಯಾರೂ ಇಲ್ಲ, ಗಡಿಯಾರವೊಂದೇ. ಒಂದು ಕೋನ್ ಬಿದ್ದರೆ ಐದು ಸೆಕೆಂಡ್ ದಂಡ. ರಸೆಲ್ ಓಡಿಸುತ್ತಿದ್ದ, ಬೀಳಿಸುತ್ತಿದ್ದ. ನೋಯ್‌ಲೀನ್ ದಕ್ಷಿಣದ ಚಳಿಗಾಳಿಗೆ ಟೋಪಿ ಎಳೆದುಕೊಂಡು ನಿಂತು, ಬಿದ್ದದ್ದನ್ನು ಎತ್ತಿ ಮತ್ತೆ ಸುಣ್ಣದ ಗುರುತಿನ ಮೇಲೆ ಇಡುತ್ತಿದ್ದಳು. ಹೀಗೆ ಹನ್ನೊಂದು ವರ್ಷ.

ಒಂದು ಭಾನುವಾರ ರಸೆಲ್ ಮೂರು ಕೋನ್ ಉರುಳಿಸಿ ಬಂದವನು ಕಾರಿನಿಂದ ಇಳಿಯುತ್ತಲೇ, “ಆ ಮೂಲೆದು ಸರಿಯಾಗಿ ಇಟ್ಟಿರಲಿಲ್ಲ ಕಣೇ ನೀನು” ಎಂದ.

ನೋಯ್‌ಲೀನ್ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಮುಂದಿನ ಸೀಸನ್‌ಗೆ ನೀನೇ ಇಡು. ನಾನು ಓಡಿಸ್ತೀನಿ.”

“ನೀನಾ?”

“ನಾನೇ. ದಿನಾ ಆ ಕಾರನ್ನ ಶೆಡ್ಡಿಗೆ ತಗೊಂಡು ಹೋಗೋದು ಯಾರು, ನಿಮ್ಮ ತಾತನಾ?”

“ಶೆಡ್ಡಿಗೆ ಹೋಗೋದು ಬೇರೆ, ಇದು ಬೇರೆ ಮಾರಾಯ್ತಿ.”

“ಬೇರೆ ಅಂತ ಗೊತ್ತಿದ್ದೇ ಹೇಳ್ತಿದೀನಿ.”

ಮಾತು ಅಲ್ಲಿಗೆ ನಿಂತಿದ್ದರೆ ಇದು ಗಂಡ ಹೆಂಡಿರ ಜಗಳವಾಗಿ ಮುಗಿಯುತ್ತಿತ್ತು. ಆದರೆ ಮುಂದಿನ ಸೀಸನ್ನಿನಲ್ಲೇ ಮಟಾವುರಾ ಹೊಳೆಯಾಚೆಯ ಕ್ಲಬ್ಬಿನೊಂದಿಗೆ ಪಂದ್ಯ ಕೂಡಿಬಂತು. ಎರಡೂ ಕಡೆಯ ತಂಡದಲ್ಲಿ ಅದೇ ವರ್ಷ ಶುರು ಮಾಡಿದ ಹೊಸಬರೊಬ್ಬರು ಇರಲೇಬೇಕೆಂಬುದು ಕರಾರು. ಕ್ಲಬ್ಬಿನ ನಾಯಕ ಡೂಗಲ್ ಮೆಕ್‌ಕ್ರೋಸ್ಟಿಯ ಹತ್ತಿರ ಹೊಸಬರೆಂದು ಇದ್ದವರು ಇಬ್ಬರೇ: ಅವನ ತಂಗಿಯ ಮಗ ಕೋರಿ, ಮತ್ತು ನೋಯ್‌ಲೀನ್. ಕೋರಿಗೆ ಇಪ್ಪತ್ತೆರಡು ವಯಸ್ಸು, ಹಸಿರು ಕಾರು, ರೇಸಿನವರು ಕೂರುವಂಥ ಸೀಟು. ಡೂಗಲ್ ನ್ಯಾಯಸ್ಥ. “ಈ ಭಾನುವಾರ ಇಬ್ರಿಗೂ ಮೂರು ಮೂರು ಸುತ್ತು. ಯಾರ ಒಳ್ಳೇ ಸುತ್ತು ಕಮ್ಮಿ ಹೊತ್ತಿಗೆ ಮುಗಿಯುತ್ತೋ ಜಾಗ ಅವರಿಗೆ. ನನ್ನ ತಂಗಿ ಮಗ ಅಂತ ನೋಡಲ್ಲ, ಹನ್ನೊಂದು ವರ್ಷ ನಂಗೆ ಚೀಸ್ ರೋಲ್ ಮಾಡಿ ತಿನ್ನಿಸಿದವಳು ಅಂತಾನೂ ನೋಡಲ್ಲ.”

“ನೋಡಬೇಡ. ಕಣ್ಣು ಗಡಿಯಾರದ ಮೇಲಿರಲಿ” ಎಂದಳು ನೋಯ್‌ಲೀನ್. ಮರುದಿನ ಶೆಡ್ಡಿನಲ್ಲಿ ಜಾಗ ತನಗೇ ಎಂದು ಸಾರಿಬಿಟ್ಟಳು. ಹಿಂದೆ ಸರಿಯುವ ದಾರಿಯನ್ನು ಹೀಗೆ ತಾನೇ ಮುಚ್ಚಿಕೊಂಡಳು.

ಅವಳಿಗೆ ಗುರುವಾಗಿ ಸಿಕ್ಕವಳು ಮೆರೆಆನಾ. ಶೆಡ್ಡಿನಲ್ಲಿ ಎಲ್ಲರಿಗಿಂತ ಬೇಗ ಕುರಿ ಬೋಳಿಸುವವಳು, ಹುಲ್ಲಿನ ಮೇಲೆ ಎಲ್ಲರಿಗಿಂತ ಬೇಗ ಕಾರು ಓಡಿಸುವವಳು. ಭಾನುವಾರ ಬೆಳಿಗ್ಗೆ ಅವಳು ಮೊದಲು ಮಾಡಿಸಿದ್ದು ಕಾರು ಬರಿದು ಮಾಡುವ ಕೆಲಸ. ನಾಯಿಯ ಹಗ್ಗ, ಮಳೆ ಬೂಟು, ಮೂಟೆ ಹೊಲಿಯುವ ದಬ್ಬಳ, ಖಾಲಿ ಜಾಮ್ ಬಾಟಲಿಗಳು, ಯಾವುದೋ ಕ್ರಿಸ್‌ಮಸ್ಸಿನಲ್ಲಿ ಕಳೆದುಹೋದ ಕುಂಬಳಕಾಯಿ.

“ಇದೇನೇ, ಕಾರೋ ಸಂತೆಯೋ? ತಿರುವಿನಲ್ಲಿ ಈ ಬಾಟಲಿ ಹಾರಿ ಬಂದು ಕಿವಿಗೆ ಮುತ್ತು ಕೊಡುತ್ತೆ ನೋಡು.”

“ಕೊಡಲಿ ಬಿಡು. ರಸೆಲ್ ಕೊಟ್ಟು ಎಷ್ಟೋ ಕಾಲ ಆಯ್ತು.”

ಬ್ಯಾಟರಿ ಅಲುಗದಂತೆ ಬಿಗಿಯಾಗಿದೆಯೇ, ಹೆಲ್ಮೆಟ್ ತಲೆಗೆ ಕೂತಿದೆಯೇ ಎಂದು ತಪಾಸಣೆಯವನು ನೋಡಿದ. ಆಮೇಲೆ ಇಬ್ಬರೂ ದಾರಿ ನಡೆದರು. ಓಡಿಸುವ ಮೊದಲು ಪೂರ್ತಿ ದಾರಿಯನ್ನು ಕಾಲಿನಲ್ಲಿ ನಡೆದು ನೋಡುವುದು ಅಲ್ಲಿನ ರೂಢಿ. ಇಳಿಜಾರಿನಲ್ಲಿ ಕೋನ್‌ಗಳ ಎಡಬಲಕ್ಕೆ ಹಾವಿನಂತೆ ಹರಿದು, ಕೆಳಗೆ ನೆಟ್ಟ ನೀಲಿ ಪೀಪಾಯಿಯನ್ನು ಸುತ್ತಿ, ಏರು ಹತ್ತಿ ಬಂದು, ನಾಲ್ಕು ಕೋನ್‌ಗಳ ಚೌಕದೊಳಗೆ ನಿಲ್ಲಬೇಕು. ಮೆರೆಆನಾ ಬೂಟಿನ ತುದಿಯಿಂದ ಹುಲ್ಲು ಕೆದಕಿದಳು. “ಒದ್ದೆ ಇದೆ. ಕಾರು ನೆಟ್ಟಗಿದ್ದಾಗಲೇ ಬ್ರೇಕು ಒತ್ತಿ ಮುಗಿಸ್ಕೋ. ತಿರುಗಿಸ್ತಾ ಒತ್ತಿದ್ರೆ ಕಾರು ನೇರ ಕುರಿಗಳ ಹತ್ರ ಹೋಗಿ ನಿಲ್ಲುತ್ತೆ.”

ಮೊದಲ ಸುತ್ತು ಬಂತು. ಬಾವುಟ ಬಿತ್ತು, ನೋಯ್‌ಲೀನ್ ಹೊರಟಳು. ಹೊರಟದ್ದೇನೋ ಚೆನ್ನಾಗಿಯೇ ಹೊರಟಳು. ಬೇಲಿಯ ಹತ್ತಿರ ಇದ್ದವರು ಚಹಾದ ಲೋಟ ಕೆಳಗಿಟ್ಟು ನೋಡಿದರು. ಮೂರನೆಯ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಒಂದು ಕೋನಿಗೆ ಟಪ್ಪೆಂದು ಬಡಿಯಿತು. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಕಾಲು ಬ್ರೇಕಿನ ಮೇಲೆ ಹೋಯಿತು, ಕೈ ಬಾಗಿಲಿಗೆ ಹೋಯಿತು. ಗಡಿಯಾರ ಓಡುತ್ತಿದ್ದಂತೆಯೇ ನೋಯ್‌ಲೀನ್ ಕಾರಿನಿಂದ ಇಳಿದು, ಹಿಂದಕ್ಕೆ ನಡೆದು, ಕೋನ್ ಎತ್ತಿ ಸುಣ್ಣದ ಗುರುತಿನ ಮೇಲೆ ಇಟ್ಟು, ಸರಿಯಾಯಿತೇ ಎಂದು ತುಸು ದೂರದಿಂದ ಒಮ್ಮೆ ನೋಡಿ, ಕೈ ಒರೆಸಿಕೊಂಡು ಮತ್ತೆ ಕಾರು ಹತ್ತಿದಳು.

ಬೇಲಿಯ ಉದ್ದಕ್ಕೂ ನಗೆಯೋ ನಗೆ. ಧ್ವನಿವರ್ಧಕದಲ್ಲಿ ಡೂಗಲ್‌ನ ದನಿ ಕೇಳಿಸಿತು: “ನೋಯ್‌ಲೀನ್, ಇವತ್ತು ನಿನಗೆ ಆ ಡ್ಯೂಟಿ ಇಲ್ಲಮ್ಮಾ!” ಇಳಿದರೆ ಸುತ್ತು ರದ್ದು. ಆ ಕೋನಿನ ಕಾವಲಿಗಿದ್ದವನು ರಸೆಲ್. ಅರ್ಧ ದಾರಿ ಓಡಿಬಂದವನು ಬೆಪ್ಪಾಗಿ ನಿಂತುಬಿಟ್ಟಿದ್ದ.

ಸಂಜೆಯವರೆಗೆ ಕೊರಗುತ್ತಾ ಕೂರುವವಳಲ್ಲ ಅವಳು. ಎಲ್ಲರಿಗಿಂತ ಜೋರಾಗಿ ತಾನೇ ನಕ್ಕಳು. “ಒಂದು ಸುತ್ತು ಅಭ್ಯಾಸಬಲಕ್ಕೆ ಕೊಟ್ಟೆ. ಇನ್ನೆರಡು ನನ್ನವು.”

ಎರಡನೆಯದರಲ್ಲಿ ಕೋನ್ ಬೀಳಲಿಲ್ಲ, ಆದರೆ ವೇಗವೂ ಬರಲಿಲ್ಲ. ಪ್ರತಿಯೊಂದು ಕೋನನ್ನೂ ತೂಗುವ ತೊಟ್ಟಿಲಿನ ಮಗುವನ್ನು ನೋಡುವಂತೆ ನೋಡಿಕೊಂಡು ದಾಟಿದ್ದಳು. ಕೋರಿಯ ಎರಡನೆಯ ಸುತ್ತು ಅವಳದಕ್ಕಿಂತ ಆರು ಸೆಕೆಂಡ್ ಬೇಗ ಮುಗಿದಿತ್ತು.

“ಹೆಂಗಿತ್ತೇ?” ಎಂದಳು ಕೆಳಗಿಳಿದು.

“ಅತ್ತೆ ಮನೆಗೆ ಹೊಸದಾಗಿ ಬಂದ ಸೊಸೆ ನಡೆದ ಹಾಗಿತ್ತು” ಎಂದಳು ಮೆರೆಆನಾ. “ಒಂದು ಹೇಳು. ಉಣ್ಣೆ ಎಸೆಯುವಾಗ ಕೈ ನೋಡ್ಕೋತೀಯಾ?”

“ಕೈ ಯಾಕೆ ನೋಡ್ಲಿ? ಎಲ್ಲಿ ಬೀಳಬೇಕೋ ಆ ಮೇಜು ನೋಡ್ತೀನಿ.”

“ಮತ್ತೆ ಕೋನ್ ಯಾಕೆ ನೋಡ್ತೀಯಾ, ಮಂಕೇ? ಅದರಾಚೆದು ನೋಡು. ಅದನ್ನ ದಾಟೋ ಮೊದಲೇ ಅದರಾಚೆದು.”

ನೋಯ್‌ಲೀನ್ ಹೆಲ್ಮೆಟ್ ಕಿತ್ತು ಅವಳ ಕೈಗೆ ತುರುಕಿದಳು. “ಬೆಳಿಗ್ಗೆನೇ ಹೇಳಕ್ಕೇನಾಗಿತ್ತು ನಿಂಗೆ ರೋಗ?”

“ಬೆಳಿಗ್ಗೆ ನಿನ್ನ ಕಿವಿ ಕುಂಬಳಕಾಯಿ ಕಡೆ ಇತ್ತು.”

ಕೊನೆಯ ಸುತ್ತಿಗೆ ಮೊದಲು ಒಂದು ಪಾಳಿ ಇತ್ತು. ಓಡಿಸುವವರೆಲ್ಲ ಸರದಿಯಂತೆ ಕೋನ್ ಕಾಯಬೇಕು. ಅದರಿಂದ ಯಾರಿಗೂ ವಿನಾಯಿತಿ ಇಲ್ಲ. ನೋಯ್‌ಲೀನ್‌ಗೆ ಬಂದದ್ದು ಕೆಳಗಿನ ನೀಲಿ ಪೀಪಾಯಿಯ ಜಾಗ. ಅಲ್ಲಿ ಏರು ಅಡ್ಡ ಬರುವುದರಿಂದ ಬೇಲಿಯ ಹತ್ತಿರದವರಿಗೆ ಕಾರಿನ ಚಾವಣಿ ಮಾತ್ರ ಕಾಣಿಸುತ್ತದೆ. ಕೋನ್ ಬಿದ್ದರೆ ಕೆಂಪು ಬಾವುಟ ಎತ್ತಬೇಕು. ನಿಂತಿದ್ದರೆ ಬರಿಗೈ ಬೀಸಬೇಕು. ಕಾಯುವವರು ಹೇಳಿದ್ದೇ ತೀರ್ಪು.

ಕೋರಿಯ ಕೊನೆಯ ಸುತ್ತು ಅವಳ ಪಾಳಿಯಲ್ಲೇ ಬಂತು. ಹಸಿರು ಕಾರು ಇಳಿಜಾರಿನಲ್ಲಿ ಬೊಬ್ಬೆ ಹೊಡೆಯುತ್ತಾ ಬಂದು, ಪೀಪಾಯಿಯನ್ನು ಇನ್ನೇನು ತಬ್ಬಿಕೊಂಡಂತೆ ಸುತ್ತಿ, ಹೊರಗಿನ ಕೋನಿಗೆ ಹಿಂದಿನ ಚಕ್ರ ತಾಗಿಸಿಕೊಂಡು ಏರು ಹತ್ತಿತು. ಕೋನ್ ಓಲಾಡಿತು. ಒಂದು ಕಡೆಗೆ ವಾಲಿತು. ಕುಡಿದವನು ಗೋಡೆ ಹುಡುಕುವಂತೆ ಅರ್ಧ ಸುತ್ತು ತಿರುಗಿತು. ಬೀಳು ಎಂದು ನೋಯ್‌ಲೀನ್ ಮನಸ್ಸಿನಲ್ಲೇ ಅಂದುಕೊಂಡಳೋ ಇಲ್ಲವೋ, ಅಂದುಕೊಂಡಿದ್ದರೂ ತಪ್ಪೇನಿಲ್ಲ. ಅದು ಬೀಳಲಿಲ್ಲ. ಗುರುತಿನಿಂದ ಜಾರಿ, ಸುಣ್ಣದ ಗೆರೆಗೆ ಅಂಚು ಮಾತ್ರ ತಾಗಿಸಿಕೊಂಡು ನೆಟ್ಟಗೆ ನಿಂತಿತು. ಗೆರೆಗೆ ಅಂಚು ತಾಗಿದರೂ ಸಾಕು, ದಂಡವಿಲ್ಲ.

ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು. ಉಗುರಿನಷ್ಟು ತಾಗಿತ್ತು. ಸುತ್ತ ಯಾರೂ ಇಲ್ಲ. ಮೇಲಿನಿಂದ ಡೂಗಲ್, “ಕೆಳಗೆ ಏನಾಯ್ತು? ಬಿತ್ತಾ?” ಎಂದು ಕೂಗಿದ. ಬಾವುಟ ಅವಳ ಕಂಕುಳಲ್ಲೇ ಇತ್ತು. ಎತ್ತಿದರೆ ಕೋರಿಗೆ ಐದು ಸೆಕೆಂಡ್ ದಂಡ, ಇವಳು ಮೀರಿಸಬೇಕಾದದ್ದು ಅವನ ಎರಡನೆಯ ಸುತ್ತನ್ನಷ್ಟೇ.

ನೋಯ್‌ಲೀನ್ ಬರಿಗೈ ಎತ್ತಿ ಬೀಸಿದಳು. ಆಮೇಲೆ ಕೋನನ್ನು ಎತ್ತಿ ಗುರುತಿನ ನಡುವೆ ಇಟ್ಟಳು. ಕೋರಿಯ ಹೊತ್ತು ಧ್ವನಿವರ್ಧಕದಲ್ಲಿ ಕೇಳಿಸಿತು: ಐವತ್ತೆಂಟೂವರೆ ಸೆಕೆಂಡ್. ಅಂದು ಹೊಸಬರಾಗಲಿ, ಹಳಬರಲ್ಲಿ ಅರ್ಧಕ್ಕರ್ಧ ಜನರಾಗಲಿ ಅಷ್ಟು ಬೇಗ ಓಡಿಸಿರಲಿಲ್ಲ.

ಪಾಳಿ ಬದಲಿಸಲು ರಸೆಲ್ ಬಂದ. ಮೂಗು ಕೆಂಪಾಗಿತ್ತು, ಕೈ ಕಂಕುಳಲ್ಲಿ ತುರುಕಿಕೊಂಡಿದ್ದ. “ಕೋನ್ ಕಾಯ್ತಾ ನಿಂತ್ರೆ ಕಾಲೇ ಮರಗಟ್ಟಿ ಹೋಗುತ್ತಲ್ಲೇ.”

“ಗೊತ್ತಾಯ್ತಾ? ಸಂತೋಷ. ಪಕ್ಕಕ್ಕೆ ಸರಿ, ನಂಗೆ ಕೆಲಸ ಇದೆ.”

ಈ ಸಲ ಅವಳು ಹೆಲ್ಮೆಟ್ ಬಿಗಿದುಕೊಂಡು ಕೂತಾಗ ಯಾರೂ ನಗಲಿಲ್ಲ. ಬಾವುಟ ಬಿತ್ತು. ಮೊದಲ ಕೋನ್ ಎದುರಿಗಿದ್ದಾಗ ಅವಳ ಕಣ್ಣು ಎರಡನೆಯದರ ಮೇಲಿತ್ತು, ಎರಡನೆಯದಕ್ಕೆ ಬಂದಾಗ ಮೂರನೆಯದರ ಮೇಲೆ. ಕಾರು ಎಡಕ್ಕೂ ಬಲಕ್ಕೂ ತಾನೇ ತಿರುಗುತ್ತಿದೆಯೇನೋ ಎನಿಸಿತು. ಹಿಂಭಾಗ ಜಾರಿತು, ಜಾರಲಿ ಎಂದು ಬಿಟ್ಟಳು, ಅದು ತಾನಾಗಿ ಸಾಲಿಗೆ ಬಂತು. ಪೀಪಾಯಿಯ ಹತ್ತಿರ ಕಾರು ನೆಟ್ಟಗಿದ್ದಾಗಲೇ ಬ್ರೇಕು ಒತ್ತಿ ಮುಗಿಸಿದಳು, ತಿರುಗುವ ಮೊದಲೇ ತಲೆ ತಿರುಗಿಸಿ ಏರಿನ ತುದಿ ನೋಡಿದಳು, ಕೆಸರು ಎರಚಿಕೊಂಡು ಮೇಲೆ ಬಂದಳು. ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಏನೋ ಹಾಡಿಕೊಳ್ಳುತ್ತಿದ್ದಳಂತೆ. ಏನು ಹಾಡು ಎಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ಕೊನೆಯ ಚೌಕದೊಳಗೆ ಕಾರು ನಿಂತಾಗ ಮುಂದಿನ ಕೋನಿಗೂ ಬಂಪರಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗವಿತ್ತು.

ಡೂಗಲ್ ಗಡಿಯಾರ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ. “ಐವತ್ತೆಂಟು. ಬರೀ ಐವತ್ತೆಂಟು. ಕೆಳಗೆ ಏನಾದ್ರೂ ಬಿತ್ತಾ ರಸೆಲ್?”

ಹೆಂಡತಿಗಾಗಿ ಸುಳ್ಳು ಹೇಳುವ ಜಾತಿಯವನಲ್ಲ ರಸೆಲ್. ಪೀಪಾಯಿಯ ಸುತ್ತ ಒಂದು ಸುತ್ತು ಬಂದು, ಎರಡೂ ಕೈ ಬೀಸಿದ. ಬೇಲಿಯ ಉದ್ದಕ್ಕೂ ಹಾರನ್‌ಗಳು ಒಟ್ಟಿಗೆ ಕೂಗಿಕೊಂಡವು. ಮೆರೆಆನಾ ಓಡಿಬಂದು ಹೆಲ್ಮೆಟ್ ಸಮೇತ ಅವಳ ತಲೆಯನ್ನು ಹಿಡಿದು ಅಲುಗಾಡಿಸಿದಳು.

“ಜಾಗ ನಿಂದೇ ಕಣಮ್ಮಾ” ಎಂದ ಡೂಗಲ್. “ಮುಂದಿನ ಭಾನುವಾರ ಹೊಳೆಯಾಚೆ.”

“ಶೆಡ್ಡಲ್ಲಿ ಆಗಲೇ ಹೇಳಿದೀನಿ ಬಿಡು.”

ಎಲ್ಲರೂ ಕಾರುಗಳಿಗೆ ಸಾಮಾನು ತುಂಬುವ ಹೊತ್ತಿಗೆ ಕೋರಿ ಬಂದ. ಮುಖ ಸ್ವಲ್ಪ ಬಾಡಿತ್ತು, ಆದರೂ ಬಂದ. “ಕೆಳಗೆ ಕೋನ್ ತಾಗಿದ್ದು ನಂಗೆ ಗೊತ್ತಾಗಿತ್ತು ನೋಯ್‌ಲೀನ್. ಬಿತ್ತು ಅಂತ್ಲೇ ಅಂದ್ಕೊಂಡಿದ್ದೆ. ನೀವು ಬಾವುಟ ಎತ್ತಿದ್ರೆ ನಾನು ತುಟಿ ಬಿಚ್ತಿರಲಿಲ್ಲ.”

“ಬಿದ್ದಿರಲಿಲ್ಲ ಕಣಪ್ಪಾ, ಎತ್ತಲಿ ಹೆಂಗೆ?” ಎಂದಳು ನೋಯ್‌ಲೀನ್. “ಅದು ಬಿಡು, ಬಾ ಇಲ್ಲಿ. ಪೀಪಾಯಿ ಹತ್ರ ನೀನು ನನಗಿಂತ ಬೇಗ ತಿರುಗ್ದೆ, ನಾನು ನೋಡಿದೀನಿ. ಬ್ರೇಕು ಎಲ್ಲಿ ಬಿಟ್ಟೆ?”

ಕೋರಿ ನಗು ತಡೆಯಲಾರದೆ, “ನಡೀರಿ, ತೋರಿಸ್ತೀನಿ” ಎಂದು ಇಳಿಜಾರಿನತ್ತ ಹೊರಟ. ಇಬ್ಬರೂ ಪೀಪಾಯಿಯ ಪಕ್ಕ ನಿಂತು, ಬೂಟಿನಿಂದ ಒದ್ದೆ ಹುಲ್ಲಿನ ಮೇಲೆ ಗೆರೆ ಎಳೆದು ಅಳಿಸಿ, ಅಳಿಸಿ ಎಳೆದು ವಾದ ಮಾಡುತ್ತಿದ್ದರು. ಬೇಲಿಯಾಚೆ ಕುರಿಗಳನ್ನು ಒಳಬಿಡಲು ಕಾದಿದ್ದ ಹೊಲದ ಯಜಮಾನ ಎರಡು ಸಲ ಕೂಗಿದರೂ ಅವರಿಗೆ ಕೇಳಿಸಲಿಲ್ಲ.