ಸಾವಿಗೆ ಕೈಮುಗಿದ ಹೆಸರು

ಅಣ್ಣನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವನ ಮಗನನ್ನು ಸ್ಕೂಲಿಗೆ ಸೇರಿಸುವ ಹಿಂದಿನ ದಿನ ಶುರುವಾದದ್ದು ಅದು.

ಅತ್ತಿಗೆಯ ಮೊದಲ ಎರಡು ಕೂಸುಗಳು ಉಳಿಯಲಿಲ್ಲ. ಮೂರನೆಯದು ಹುಟ್ಟಿದಾಗ ಅವ್ವ ಅದನ್ನು ತನ್ನ ತವರು ಇಲವಾಲಕ್ಕೆ ಎತ್ತಿಕೊಂಡು ಹೋಗಿ, ತಿಪ್ಪೆಯ ಮೇಲೆ ಗಳಿಗೆ ಹೊತ್ತು ಮಲಗಿಸಿ, ತಿಪ್ಪ ಎಂದು ಕರೆದಳು. ಕಸವೆಂದು ಕಂಡರೆ ಸಾವು ಕೈಹಾಕುವುದಿಲ್ಲ ಎಂಬ ನಂಬಿಕೆ. ಮಗು ಉಳಿಯಿತು. ಆದರೆ ಗುಮಾಸ್ತನಾಗಿದ್ದ ಅಣ್ಣನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

ನಜರ್‌ಬಾದಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಗ ನೈಜೀರಿಯಾದ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದ. ಇಗ್ಬೊ ಜನದವನು. ನನಗೋ ಹೆಸರುಗಳ ಹುಚ್ಚು. ಹರಕು ಇಂಗ್ಲಿಷಿನಲ್ಲಿ ದಿನವೂ ಅವನ ತಲೆ ತಿನ್ನುತ್ತಿದ್ದೆ. ಅವರ ವಾರಕ್ಕೆ ನಾಲ್ಕೇ ದಿನವಂತೆ, ಒಂದೊಂದೂ ಸಂತೆಯ ದಿನವಂತೆ, ಅಫೊ ಸಂತೆಯ ದಿನ ಹುಟ್ಟಿದ ಗಂಡುಮಗು ಒಕಾಫೊರ್ ಅಂತೆ! ಕೇಳುತ್ತಾ ಕೂತರೆ ನನಗೆ ಊಟದ ನೆನಪೇ ಇರುತ್ತಿರಲಿಲ್ಲ. ತನ್ನದೇ ಹೆಸರಿನ ಅರ್ಥ ಕೇಳಿದರೆ ಅವನು ನಕ್ಕು ಬೇರೆ ಮಾತು ತೆಗೆಯುತ್ತಿದ್ದ. ಅಣ್ಣ ಮಾತ್ರ ಅವನನ್ನು ‘ಕರಿಯ’ ಎಂದೇ ಕೂಗುತ್ತಿದ್ದ. ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಸ್ಕೂಲಿಗೆ ಸೇರಿಸುವ ಹಿಂದಿನ ಸಂಜೆ ನಡುಮನೆಯಲ್ಲಿ ಜಗಳ.

“ನನ್ ಮಗ ಸ್ಕೂಲಲ್ಲಿ ತಿಪ್ಪ ಅನ್ನಿಸ್ಕೋಬೇಕೇನವ್ವಾ? ಜನ ನಗಲ್ವಾ?”

“ನಗ್ಲಿ ಬುಡು. ಎರಡು ಕೂಸ ಮಣ್ ಮಾಡ್ದಾಗ ಯಾವನೂ ನಗ್ಲಿಲ್ಲ.”

ಅಷ್ಟರಲ್ಲಿ ಕುಡಿಯುವ ನೀರಿಗೆಂದು ವಿದ್ಯಾರ್ಥಿ ಬಾಗಿಲಿಗೆ ಬಂದ. ಅಣ್ಣ ಅವನ ಮೇಲೆ ತಿರುಗಿದ. “ಲೋ ಕರಿಯ, ನಿಮ್ಮೂರಲ್ಲೂ ಇಂಥಾ ದರಿದ್ರದ್ ಹೆಸ್ರು ಇಡ್ತಾರೇನೋ?”

ಅವ್ವ ನನ್ನ ಕಡೆ ನೋಡಿದಳು. “ಅವ್ನ ಹೆಸ್ರಿಗೆ ಏನರ್ಥ, ಕೇಳು ಮಗ.”

ಕೇಳಿದೆ. ಅವನು ಅವ್ವನ ಮುಖ ನೋಡುತ್ತಲೇ ನಿಧಾನವಾಗಿ ಹೇಳಿದ. ನಾನು ಕನ್ನಡಕ್ಕೆ ತಿರುಗಿಸಿದೆ: “ಓನ್ವುಬಿಕೊ. ‘ಸಾವೇ, ದಮ್ಮಯ್ಯ’ ಅಂತ ಕಣವ್ವ. ಇವ್ರವ್ವನ್ಗೂ ಮುಂಚೆ ಹುಟ್ಟಿದ್ ಮಕ್ಳು ಉಳೀಲಿಲ್ವಂತೆ.”

“ಕೇಳುಸ್ಕೊಂಡ್ಯಾ?” ಅವ್ವ ಅಣ್ಣನಿಗೆ ಹೇಳಿದಳು. “ಸಮುದ್ರದಾಚೆ ಇರೋಳೂ ನನ್ನಂಗೇ ಅತ್ತವ್ಳೆ. ನಿಂಗೆ ನಾಚ್ಕೆ!”

“ಹೂಂ, ಇಬ್ರೂ ಕಾಡುಜನಾನೇ! ಲೇ, ಕೋಣೆ ಖಾಲಿ ಮಾಡು ಅನ್ನೋ ಅವ್ನಿಗೆ.”

“ನಾನ್ಯಾಕೆ ಹೇಳ್ಲಿ? ನೀನೇ ಹೆಸ್ರು ಹಿಡ್ದು ಕರ್ದು ಹೇಳು,” ಅಂದೆ. ಕೆನ್ನೆಗೆ ಬಿತ್ತು.

ಅವನಿಗೆ ಅನುವಾದ ಬೇಕಾಗಲಿಲ್ಲ. ಅದೇ ವಾರ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ. ಹೋಗುವಾಗ ಅವ್ವನಿಗೆ ಕೈಮುಗಿದ, ಅಣ್ಣನಿಗೆ ಇಲ್ಲ. ಅಣ್ಣ ಮಗನಿಗೆ ಸ್ಕೂಲಿನಲ್ಲಿ ನಾಜೂಕಾದ ಹೆಸರೊಂದನ್ನು ಬರೆಸಿ ಬಂದ. ಅವ್ವ ಅವನೊಡನೆ ಮಾತು ಬಿಟ್ಟಳು. ತಟ್ಟೆ ಅವನ ಮುಂದೆ ಕುಕ್ಕಿ ಹೋಗುತ್ತಿದ್ದಳು.

ಮಳೆಗಾಲದಲ್ಲಿ ಮಗುವಿಗೆ ಜ್ವರ ಏರಿತು. ಕಣ್ಣೇ ತೆರೆಯದು. ಅಣ್ಣ ಪಕ್ಕದಲ್ಲಿ ಕೂತು ಸ್ಕೂಲಿನ ಹೆಸರು ಹಿಡಿದು ಕರೆದ, ಮತ್ತೆ ಕರೆದ. ಆಮೇಲೆ ದನಿ ಒಡೆಯಿತು: “ತಿಪ್ಪಾ... ಲೋ ತಿಪ್ಪಾ, ಕಣ್ ಬುಡೋ ಮಗ್ನೇ.”

ಅವ್ವ ಬಾಗಿಲಲ್ಲೇ ನಿಂತಿದ್ದಳು. “ಈಗ ಬತ್ತೇನೋ ಬಾಯಿಗೆ?”

ಮಗು ಉಳಿಯಿತು. ಅಣ್ಣ ಮನೆಯಲ್ಲಿ ಮತ್ತೆ ಆ ನಾಜೂಕಿನ ಹೆಸರೆತ್ತಲಿಲ್ಲ. ಅವ್ವ ಮಾತ್ರ ಕರಗಲಿಲ್ಲ. ಮುಂದಿನ ಕೋಣೆ ಕೇಳಿಕೊಂಡು ಯಾರೇ ಬರಲಿ, ಅಣ್ಣನಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು: “ಮೊದ್ಲು ನಿಮ್ ಹೆಸ್ರು ಹೇಳ್ಬುಡಿ. ಕರ್ಯಕ್ಕೆ ನಮ್ಮೋನ್ ಬಾಯಿಗೆ ಬತ್ತದೋ ಇಲ್ವೋ ನೋಡಾಣ.”