ಅತ್ತೆ ಓದಿದ ಗ್ರೀಕ್

ಕಾಲೇಜಿನವರಿಗೂ ಬೀದಿಯವರಿಗೂ ಆಕೆ ಗ್ರೀಕ್ ಮೇಡಂ. ಹದಿನೆಂಟನೆಯ ವಯಸ್ಸಿನಲ್ಲಿ, ಅರ್ಥಶಾಸ್ತ್ರದ ತರಗತಿ ಭರ್ತಿಯಾಗಿದೆಯೆಂದು ಗುಮಾಸ್ತರು ಅತ್ತ ಕಳಿಸಿದ್ದರಿಂದ ಹಳೆಯ ಗ್ರೀಕ್ ಸಾಹಿತ್ಯದ ಕೊಠಡಿಗೆ ಬಂದು ಕೂತವಳು ಮತ್ತೆ ಅಲ್ಲಿಂದ ಎದ್ದದ್ದೇ ಇಲ್ಲ. ಓದು ಮುಗಿದ ಮೇಲೆ ಅದೇ ಕೊಠಡಿಯಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಗುಮಾಸ್ತರು ನಿವೃತ್ತರಾದ ದಿನ ಆಕೆ ಹುಡುಕಿಕೊಂಡು ಹೋಗಿ ಕೃತಜ್ಞತೆ ಹೇಳಿದಳು. ಯಾತಕ್ಕೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ನಲವತ್ತೆರಡಕ್ಕೆ ಕಣ್ಣು ಕೈಕೊಟ್ಟಿತು. ನೋಟದ ನಟ್ಟನಡುವೆ ಬೂದು ಮಚ್ಚೆಯೊಂದು ಬಂದು ಕೂತಿತು. ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ. ಇನ್ನು ಹೆಚ್ಚಾಗದ ಹಾಗೆ ನೋಡಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ವೈದ್ಯರು. ಪಾಠಕ್ಕೆ ತೊಂದರೆಯಾಗಲಿಲ್ಲ, ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದವು. ಆದರೆ ಏಳು ವರ್ಷದಿಂದ ಹಿಡಿದ ಕೆಲಸ ಅರ್ಧಕ್ಕೆ ನಿಂತಿತು. ಜೊಂಡಿನಿಂದ ಮಾಡಿದ ಪುರಾತನ ಹಾಳೆಯ ಮೇಲೆ ಯಾರೋ ನಕಲು ಮಾಡಿಟ್ಟ ನಾಟಕದ ತುಣುಕು, ನೂರ ನಲವತ್ತು ಸಾಲು, ಅದನ್ನು ಓದಿ ಟಿಪ್ಪಣಿ ಸಮೇತ ಪುಸ್ತಕ ಮಾಡುವ ಕೆಲಸ. ಹಾಳೆಯ ದೊಡ್ಡ ದೊಡ್ಡ ಫೋಟೋಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು.

ಗಂಡನಿಗೆ ರೈಲ್ವೆ ಸಿಗ್ನಲ್ ಕೆಲಸ. ತಿಂಗಳಲ್ಲಿ ಮೂರು ವಾರ ಹೊರಗೇ. ಮನೆಯಲ್ಲಿ ಜೊತೆಗಿದ್ದವರು ಎಪ್ಪತ್ತರ ಅತ್ತೆ. ನಲವತ್ತು ವರ್ಷ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿದವರು, ಓದಿದ್ದು ಏಳನೇ ಕ್ಲಾಸು.

“ಇದನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಬಿಡಿ ಅತ್ತೆ,” ಎಂದಳು ಸೊಸೆ ಒಂದು ಬೆಳಗ್ಗೆ.

“ಹಾಕೋಣ, ಅದಕ್ಕೇನಂತೆ. ಮೊದಲು ಹೇಳು, ಈ ಭಾಷೇಲಿ ಎಷ್ಟು ಅಕ್ಷರ?”

“ಇಪ್ಪತ್ನಾಲ್ಕು.”

“ಅಷ್ಟೇನಾ! ನಮ್ಮದರಲ್ಲಿ ಐವತ್ತರ ಹತ್ತಿರ ಇದೆ, ಒತ್ತು ದೀರ್ಘ ಬೇರೆ. ಅದನ್ನೇ ಕಲ್ತಿಲ್ವಾ ನಾನು? ಕೂತ್ಕೋ.”

ಎರಡು ವಾರದಲ್ಲಿ ಕಲಿತೇಬಿಟ್ಟರು. ಆದರೆ ಅಕ್ಷರಗಳಿಗೆ ಅವರದೇ ಹೆಸರು. ದುಂಡಗಿನದು ಗುಂಡಿ, ಅದರ ನಡುವೆ ಅಡ್ಡಗೆರೆ ಇದ್ದರೆ ದಾರ ಹಾಕಿದ ಗುಂಡಿ, ಎರಡು ಗೆರೆ ಹಾಯ್ದರೆ ಕತ್ತರಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಫೋಟೋ ಹರಡಿಕೊಂಡು, ಒಂದು ಪದದ ಅರ್ಥವೂ ತಿಳಿಯದೆ, ಗಟ್ಟಿ ದನಿಯಲ್ಲಿ ಓದುತ್ತಿದ್ದರು. ಸೊಸೆ ಕೇಳಿಸಿಕೊಂಡು ಧ್ವನಿಮುದ್ರಣ ಯಂತ್ರಕ್ಕೆ ಟಿಪ್ಪಣಿ ಹೇಳುತ್ತಿದ್ದಳು. “ದಿನಾ ಬೆಳಗ್ಗೆ ಯಾರಿಗೆ ಅಷ್ಟು ಬೈತೀರಿ?” ಎಂದು ಪಕ್ಕದ ಮನೆಯಾಕೆ ಕೇಳಿಯೂಬಿಟ್ಟರು.

ಒಂದು ದಿನ ಸೊಸೆಗೆ ತಾಳ್ಮೆ ತಪ್ಪಿತು. “ಅಲ್ಲಿ ಆ ಅಕ್ಷರ ಇರೋಕೆ ಸಾಧ್ಯವೇ ಇಲ್ಲ ಅತ್ತೆ! ವ್ಯಾಕರಣಕ್ಕೇ ಹೊಂದಲ್ಲ.”

ಅತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ನನಗೆ ಅರ್ಥ ಗೊತ್ತಿಲ್ಲ ಕಣೇ. ಅದಕ್ಕೇ ಇರೋದನ್ನ ಓದ್ತೀನಿ. ನೀನು ಇರಬೇಕಾದ್ದನ್ನ ಓದ್ತೀಯ.”

ಸೊಸೆ ಯಂತ್ರಕ್ಕೆ ಆ ಅಕ್ಷರವನ್ನೇ ಹೇಳಿದಳು. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ತಾನೇ ಹೇಳಿಕೊಂಡು ಬಂದ ಮಾತು ಅದು, ಇಷ್ಟು ಚೆನ್ನಾಗಿ ಒಮ್ಮೆಯೂ ಹೇಳಿರಲಿಲ್ಲ.

ಅದಾದ ಮೂರನೆಯ ತಿಂಗಳು, ತೊಂಬತ್ತೊಂದನೇ ಸಾಲಿನಲ್ಲಿ ಅತ್ತೆ ಓದು ನಿಲ್ಲಿಸಿದರು.

“ಇಲ್ಲಿಂದ ಕೈ ಬೇರೆ.”

“ಅಂದ್ರೆ?”

“ಬರೆದವನು ಬೇರೆ ಅಂತ. ಇಲ್ಲೀವರೆಗೂ ಮೊದಲಿನವನು ಗುಂಡೀನ ಎರಡು ಗೀಟಲ್ಲಿ ಮುಗಿಸ್ತಿದ್ದ, ಎಡಕ್ಕೊಂದು, ಬಲಕ್ಕೊಂದು. ಇವನದು ಒಂದೇ ಸುತ್ತು. ಹನ್ನೊಂದು ಸಾಲು ಹೀಗೇ ಇದೆ, ಆಮೇಲೆ ಮೊದಲಿನವನೇ ಬರ್ತಾನೆ. ಯಾರ ಹೊಲಿಗೆ ಯಾವುದು ಅಂತ ನನಗೆ ಗೊತ್ತಾಗಲ್ವಾ?”

ಗ್ರೀಕ್ ಮೇಡಂ ಕುರ್ಚಿಯಿಂದ ಎದ್ದು ನಿಂತಳು. ಆ ಹನ್ನೊಂದು ಸಾಲು ಆಮೇಲೆ ಸೇರಿಸಿದ್ದು ಎಂದು ಛಂದಸ್ಸಿನ ಆಧಾರದ ಮೇಲೆ ಆಕೆ ಮೊದಲಿನಿಂದಲೂ ವಾದಿಸುತ್ತ ಬಂದಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಳೆ ಇಟ್ಟುಕೊಂಡಿದ್ದ ವಸ್ತುಸಂಗ್ರಹಾಲಯಕ್ಕೆ ಅಂದೇ ಪತ್ರ ಬರೆಸಿದಳು. ಅವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಉತ್ತರಿಸಿದರು: ಶಾಯಿಯೇ ಬೇರೆ, ಖಾಲಿ ಬಿಟ್ಟಿದ್ದ ಜಾಗವನ್ನು ಇನ್ನೊಬ್ಬರು ತುಂಬಿದ್ದಾರೆ.

ಪುಸ್ತಕ ಎರಡು ವರ್ಷದಲ್ಲಿ ಹೊರಬಂತು. ಕಣ್ಣಿನ ನೆಪ ಹೇಳಿ ರಜೆಯ ಮೇಲೆ ಹೋಗೆಂದು ಒತ್ತಾಯಿಸಿದ್ದ ವಿಭಾಗದ ಮುಖ್ಯಸ್ಥರೇ ಪ್ರಾಧ್ಯಾಪಕ ಹುದ್ದೆಗೆ ಆಕೆಯನ್ನು ಶಿಫಾರಸು ಮಾಡಿದರು. ಮುಖಪುಟದಲ್ಲಿ ಎರಡು ಹೆಸರಿದ್ದವು. ಅತ್ತೆ ಕಂಗಾಲಾದರು.

“ನನ್ನ ಹೆಸರು ಯಾಕೆ ಹಾಕಿಸ್ದೆ? ಯಾರಾದ್ರೂ ಬಂದು ಪ್ರಶ್ನೆ ಕೇಳಿದ್ರೆ?”

“ಹೊಲಿಗೆ ಬಗ್ಗೆ ಕೇಳಿ ಅನ್ನಿ.”

ಅಂದು ಸಂಜೆ ಸೊಸೆ ಇಡೀ ತುಣುಕಿನ ಅರ್ಥವನ್ನು ಮೊದಲ ಸಲ ಬಿಡಿಸಿ ಹೇಳಿದಳು. ಯುದ್ಧಕ್ಕೆ ಹೋದ ಮಗನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಆಡುವ ಮಾತುಗಳು ಬಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಯ್ಯೋ, ಇಂಥಾದ್ದನ್ನ ನಾನು ಸಂತೆಯಲ್ಲಿ ಕೂಗೋ ಹಾಗೆ ಕೂಗಿದ್ನಲ್ಲೇ!”

“ನೀವು ಕೂಗಿದ್ದಕ್ಕೇ ನನಗೆ ಕೇಳಿಸ್ತು ಅತ್ತೆ,” ಎಂದು ಸೊಸೆ ಅವರ ಕೈ ಹಿಡಿದುಕೊಂಡಳು.

ಈಗ ವಿದ್ಯಾರ್ಥಿಗಳು ಸರದಿಯಂತೆ ಮನೆಗೆ ಬಂದು ಮೇಡಂಗೆ ಓದಿ ಹೇಳುತ್ತಾರೆ. ಎಂಬತ್ತು ದಾಟಿದ ಅತ್ತೆ ಒಳಕೋಣೆಯಿಂದಲೇ ಅವರ ಉಚ್ಚಾರಣೆ ತಿದ್ದುತ್ತಾರೆ.